ಮಳೆ ಬಂದಾಗ ಒಳಗೆ ಓಡಬೇಡಿ

ಈ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಮೊದಲು ಕೇಳುವುದು, "ಮೇಡಂ, ಯಾವ ಪುಸ್ತಕ ಓದಿಕೊಂಡು ಬರಲಿ?" ಎಂದು. ಪುಸ್ತಕ ಆಮೇಲೆ, ಮೊದಲು ಮೊಣಕಾಲುದ್ದದ ರಬ್ಬರ್ ಬೂಟು ಕೊಳ್ಳಿ ಎನ್ನುತ್ತೇನೆ. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಎಂದು ನಗುತ್ತಾರೆ. ನಗಲಿ. ದೆಹಲಿಯ ಒಂದು ತರಬೇತಿ ಸಂಸ್ಥೆಯಲ್ಲಿ ನನ್ನ ಇಡೀ ನೌಕರಿ ಕಳೆದದ್ದು ರೈತರಿಗೆ ಪಾಠ ಹೇಳುವವರಿಗೆ ಪಾಠ ಹೇಳುವುದರಲ್ಲಿ. ಮಳೆನೀರು ಹಿಡಿಯುವುದು, ಇಂಗಿಸುವುದು, ಮಣ್ಣು ಕೊಚ್ಚಿ ಹೋಗದ ಹಾಗೆ ನೋಡಿಕೊಳ್ಳುವುದು ನನ್ನ ವಿಷಯ. ಸುತ್ತಲಿನ ರಾಜ್ಯಗಳ ಹಳ್ಳಿಗಳಿಂದ ಕೃಷಿ ಶಿಕ್ಷಕರು ನಮ್ಮಲ್ಲಿಗೆ ಬರುತ್ತಿದ್ದರು, ಕಲಿತು ಹಿಂದಿರುಗಿ ರೈತರಿಗೆ ಕಲಿಸುತ್ತಿದ್ದರು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಕುರ್ಚಿ ಯಾವಾಗ ದೊಡ್ಡದಾಯಿತು ಎಂಬುದೆಲ್ಲ ನಿಮಗೆ ಬೇಡ. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ.

ನಾನು ಹಾವೇರಿ ಕಡೆಯವಳು. ಕೃಷಿ ಪದವಿ ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರನ್ನು ಮದುವೆಯಾಗಿ ದೆಹಲಿಗೆ ಬಂದೆ. ಲಕ್ಷ್ಮೀ ನಗರದಲ್ಲಿ ಬಾಡಿಗೆ ಮನೆ, ಕೆಳಗಿನ ಮಹಡಿಯಲ್ಲಿ ಕೋಚಿಂಗ್ ಕ್ಲಾಸು. ಅಲ್ಲಿನ ಲೆಕ್ಕದ ಮೇಷ್ಟ್ರು ಮೈಕಿನಲ್ಲಿ ಹೇಳುವ ಪಾಠ ನನ್ನ ಅಡುಗೆಮನೆಯವರೆಗೂ ಕೇಳುತ್ತಿತ್ತು. ವರ್ಷಗಟ್ಟಲೆ ಕೇಳಿಯೂ ನನಗೆ ಒಂದು ಲೆಕ್ಕವೂ ಬರಲಿಲ್ಲ. ದೊಡ್ಡ ದನಿಯಲ್ಲಿ ಹೇಳಿದ್ದೆಲ್ಲ ಪಾಠವಾಗುತ್ತದೆ ಎಂಬ ನಂಬಿಕೆ ಅಲ್ಲಿಯೇ ಹೋಯಿತು.

ನಮ್ಮ ಸಂಸ್ಥೆಯಲ್ಲಿ ಮಾತ್ರ ಆ ನಂಬಿಕೆ ಗಟ್ಟಿಯಾಗಿತ್ತು. ನಾನು ಸೇರುವ ಮೊದಲೇ ಅಲ್ಲೊಂದು ಮಾದರಿ ಇತ್ತು. ತಗಡಿನ ಮಾಡಿನ ಪುಟ್ಟ ಮನೆ, ಮಾಡಿನಿಂದ ಇಳಿಯುವ ಕೊಳವೆ, ಕೊಳವೆಯ ತುದಿಗೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮರಳು, ಇದ್ದಿಲು, ಜಲ್ಲಿ ಪದರ ಪದರವಾಗಿ. ಮೇಲಿಂದ ಒಂದು ಮಗ್ ಕೆಸರು ನೀರು ಸುರಿದರೆ ಕೆಳಗಿನ ನಲ್ಲಿಯಲ್ಲಿ ತಿಳಿನೀರು ಬರುತ್ತಿತ್ತು. ತಿಳಿನೀರು ಬಂದೊಡನೆ ಚಪ್ಪಾಳೆ. ಕೃಷಿ ಶಿಕ್ಷಕರು ಅದಕ್ಕೆ ಗುಡಿಯಾ ಘರ್ ಎಂದು ಹೆಸರಿಟ್ಟಿದ್ದರು, ಅಂದರೆ ಗೊಂಬೆಮನೆ.

ಆ ಗೊಂಬೆಮನೆಯ ಖ್ಯಾತಿ ಎಷ್ಟಿತ್ತೆಂದರೆ, ಒಮ್ಮೆ ನಮ್ಮ ಹಾವೇರಿ ಕಡೆಯ ಕೆಲವು ಅಧಿಕಾರಿಗಳು ಅಧ್ಯಯನ ಪ್ರವಾಸಕ್ಕೆಂದು ಬಂದು ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಉಳಿದಿದ್ದಾಗ, ಸಂಸ್ಥೆಯವರೆಗೆ ಬರಲು ಪುರಸೊತ್ತಿಲ್ಲ, ಅದನ್ನೇ ಇಲ್ಲಿಗೆ ಕಳಿಸಿ ಎಂದು ಹೇಳಿ ಕಳಿಸಿದರು. ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಹಿಡಿದುಕೊಂಡು ಹೋದೆ. ಉಪ್ಪಿಟ್ಟಿನ ತಟ್ಟೆಗಳ ನಡುವೆ ಮೇಜಿನ ಮೇಲೆ ಇಟ್ಟೆವು. ಹಿರಿಯರೊಬ್ಬರು ಕೈತೊಳೆದ ನೀರನ್ನೇ ಸುರಿದು ನೋಡಿ, "ಅಚ್ಛಾ, ಕ್ಲೀನ್ ಆಗಿ ಬರ್ತಾ ಇದೆ ಕಣ್ರಮ್ಮ," ಎಂದು ಬಹಳ ಸಂತೋಷಪಟ್ಟರು. ಅಧ್ಯಯನ ಮುಗಿಯಿತು. ಅವರು ಮಧ್ಯಾಹ್ನ ಸೀರೆ ಖರೀದಿಗೆ ಕರೋಲ್ ಬಾಗಿಗೆ ಹೋದರು, ನಾನು ಗೊಂಬೆಮನೆಯೊಂದಿಗೆ ವಾಪಸಾದೆ.

ಕಾಲ ಬದಲಾದಂತೆ ಪಾಠದ ರೀತಿಯೂ ಬದಲಾಯಿತು. ಗೋಡೆಗೆ ನೇತುಹಾಕುವ ಚಿತ್ರಪಟ ಹೋಗಿ ಸ್ಲೈಡ್ ಬಂತು, ಸ್ಲೈಡ್ ಹೋಗಿ ವಿಡಿಯೋ ಬಂತು, ಕೊನೆಗೆ ಎಲ್ಲವೂ ಫೋನಿಗೇ ಬಂತು. ಬದಲಾಗದೆ ಉಳಿದದ್ದು ಒಂದೇ, ತರಬೇತಿಯ ಕಾಲ. ಮಳೆನೀರಿನ ಪಾಠ ಯಾವಾಗಲೂ ಚಳಿಗಾಲದ ಕೊನೆಯಲ್ಲಿ ನಡೆಯುತ್ತಿತ್ತು. ವರ್ಷದ ಕಾರ್ಯಕ್ರಮಗಳನ್ನು ಮಾರ್ಚಿನೊಳಗೆ ಮುಗಿಸಬೇಕು, ಮಳೆಗಾಲದಲ್ಲಿ ಶಿಕ್ಷಕರಿಗೆ ಬಿತ್ತನೆಯ ಓಡಾಟ, ಹೀಗೆ ಅದಕ್ಕೆ ನೂರು ಕಾರಣ. ಆಕಾಶದಲ್ಲಿ ಒಂದು ಮೋಡ ಇರುತ್ತಿರಲಿಲ್ಲ. ಹೊರಗೆ ಎಳೆಬಿಸಿಲು, ಒಳಗೆ ಪರದೆಯ ಮೇಲೆ ಬೇರೆ ಯಾರದೋ ಊರಿನ ಮಳೆ. ಕಲಿತವರಲ್ಲಿ ಹೆಚ್ಚಿನವರು ಮಳೆ ಸುರಿಯುವಾಗ ಹೊಲದಲ್ಲಿ ನಿಂತು ನೀರು ಎಲ್ಲಿಂದ ಬರುತ್ತದೆ, ಎತ್ತ ಹೋಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಅವರಿಗೆ ಕಲಿಸುವವರೂ ನೋಡಿರಲಿಲ್ಲ.

ನಮ್ಮ ನಿರ್ದೇಶಕರು ಸಕ್ಸೇನಾ ಸಾಹೇಬರು. ಕೆಟ್ಟವರಲ್ಲ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಪ್ರತಿ ವರ್ಷ ಸಭೆಯಲ್ಲಿ ನಾನು, ಈ ಕೋರ್ಸನ್ನು ಜುಲೈಗೆ ಹಾಕಿ, ಹೊಲದಲ್ಲಿ ಮಾಡೋಣ ಎಂದು ಹೇಳುತ್ತಿದ್ದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

"ವಸುಧಾ ಜಿ," ಎನ್ನುತ್ತಿದ್ದರು, "ಮಳೆಯಲ್ಲಿ ನಿಲ್ಲಿಸಿದರೆ ಅವರಿಗೆ ಶೀತ ಆಗುತ್ತೆ. ಯಾರಾದರೂ ಜಾರಿ ಬಿದ್ದರೆ ಜವಾಬ್ದಾರಿ ಯಾರದು?"

"ಸರ್, ಅಡುಗೆ ಕಲಿಸೋರು ಒಲೆ ಹಚ್ಚದೆ ಕಲಿಸ್ತಾರಾ?"

"ನೋಡೋಣ, ಮುಂದಿನ ವರ್ಷ," ಎಂದು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ನನ್ನ ಕೈಯಲ್ಲಿ ಸಾಕ್ಷಿ ಇರಲಿಲ್ಲ. ನಮ್ಮ ಪಾಠ ಹಳ್ಳಿಗೆ ಹೋಗಿ ಏನಾಗುತ್ತದೆ ಎಂದು ಬಂದು ಹೇಳುವವರು ಯಾರೂ ಇರಲಿಲ್ಲ.

ಹೇಳಲು ಬಂದವಳು ಪೂನಂ.

ಮಳೆಗಾಲ ಮುಗಿಯುತ್ತಿದ್ದ ದಿನಗಳು. ನಾನೂ ನನ್ನ ಕಿರಿಯ ಸಹೋದ್ಯೋಗಿ ಇಮ್ತಿಯಾಜನೂ ಕಚೇರಿಯಲ್ಲಿ ಕೂತಿದ್ದೆವು. ಇಮ್ತಿಯಾಜ್ ರಾಯಚೂರಿನವನು. ದೆಹಲಿಯಲ್ಲೇ ಓದಿ ನಮ್ಮ ಸಂಸ್ಥೆ ಸೇರಿದ್ದ. ಇಡೀ ಕಟ್ಟಡದಲ್ಲಿ ನಾನು ಕನ್ನಡದಲ್ಲಿ ಬೈಯಬಹುದಾಗಿದ್ದ ಒಬ್ಬನೇ ಮನುಷ್ಯ. ಪೂನಂ ಹಿಂದಿನ ಚಳಿಗಾಲದಲ್ಲಿ ನಮ್ಮಲ್ಲಿ ತರಬೇತಿ ಪಡೆದು ಹೋದವಳು. ಗುರುಗ್ರಾಮದ ಎತ್ತರದ ಫ್ಲಾಟುಗಳು ಮುಗಿದು ಅರಾವಳಿಯ ಕುಳ್ಳ ಗುಡ್ಡಗಳು ಶುರುವಾಗುವಲ್ಲಿ ಒಂದು ಹಳ್ಳಿಯ ಸೊಸೆ. ಆ ಸುತ್ತಿನ ಹಳ್ಳಿಗಳಿಗೆ ಗುತ್ತಿಗೆಯ ಮೇಲೆ ಕೃಷಿ ಶಿಕ್ಷಕಿ. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು. ಬಂದವಳೇ ನಾವು ಕೊಟ್ಟ ಪ್ರಮಾಣಪತ್ರವನ್ನು ನನ್ನ ಮೇಜಿನ ಮೇಲಿಟ್ಟಳು.

"ಇದು ವಾಪಸು ತಗೊಳ್ಳಿ ಮೇಡಂ ಜಿ. ನಿಮ್ಮ ಪಾಠ ಊರಲ್ಲಿ ನನ್ನ ಮಾನ ತೆಗೀತು."

ಅವಳು ಹೇಳಿದ್ದು ಹರಿಯಾಣದ ಹಿಂದಿಯಲ್ಲಿ. ಅಲ್ಲಿಯವರ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೂರಿಸಿ, ಚಹಾ ತರಿಸಿ, ಏನಾಯಿತು ಎಂದು ಕೇಳಿದೆ. ಆದದ್ದು ಇಷ್ಟು. ಅವಳ ಊರಿನಲ್ಲಿ ಧರಂಪಾಲ್ ಎಂಬ ರೈತ. ಪೂನಂ ತಿಂಗಳುಗಟ್ಟಲೆ ಬೆನ್ನುಹತ್ತಿ ಅವನನ್ನು ಒಪ್ಪಿಸಿ, ಬೇಸಿಗೆಯಲ್ಲಿ ಅವನ ಹೊಲದ ತಗ್ಗಿನ ಮೂಲೆಯಲ್ಲಿ ಇಂಗುಗುಂಡಿ ತೋಡಿಸಿದಳು. ನಮ್ಮ ಪಾಠದಲ್ಲಿ ಹೇಗಿದೆಯೋ ಹಾಗೆಯೇ, ಜಲ್ಲಿ, ಇದ್ದಿಲು, ಮರಳು. ಜುಲೈಯ ಮೊದಲ ಜೋರು ಮಳೆಗೆ ಗುಂಡಿ ತುಂಬಾ ಹೂಳು ತುಂಬಿಕೊಂಡಿತು. ಹಿಂದೆಯೇ ಬಂದ ನೀರು ಹೋಗಲು ದಾರಿಯಿಲ್ಲದೆ ಹೊಲದ ಮೂಲೆಯನ್ನೇ ಒಡೆಯಿತು. ಮೊಳಕೆಯೊಡೆದಿದ್ದ ಸಜ್ಜೆ ಮಣ್ಣಿನೊಂದಿಗೆ ಕೊಚ್ಚಿ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಅವಳ ಶ್ರಮ. ಊರವರು ಆ ಕೆಸರು ಗುಂಡಿಗೆ ಪೂನಂಳ ಕೆರೆ ಎಂದು ಹೆಸರಿಟ್ಟು ಆಡಿಕೊಳ್ಳಲು ಶುರುಮಾಡಿದರು.

"ಧರಂಪಾಲ್ ಏನಂತಾನೆ?" ಎಂದೆ.

"ಅವರು ಬೈದಿದ್ರೆ ಚೆನ್ನಾಗಿರ್ತಿತ್ತು. ನಮಸ್ತೆ ಅಂತಾರೆ, ಮುಂದೆ ಹೋಗ್ತಾರೆ. ಈಗ ಯಾರ ಬಾಗಿಲಿಗೆ ಹೋದ್ರೂ, ಬಾ ಬಹೂ, ಇಲ್ಲೊಂದು ಕೆರೆ ತೋಡು ಅಂತ ನಗ್ತಾರೆ. ಮಾವನವರು ಈ ಕೆಲಸ ಬಿಡು ಅಂದಿದ್ದಾರೆ."

"ನಿನಗೇ ಹೇಳಿದ್ರಾ?"

"ನನ್ನ ಹತ್ತಿರ ಹೇಗೆ ಹೇಳ್ತಾರೆ? ಮಾವ ಸೊಸೆ ಮಾತಾಡೋ ಪದ್ಧತಿ ನಮ್ಮಲ್ಲಿಲ್ಲ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಅವರು ನನ್ನ ಮುಖ ನೋಡಿಲ್ಲ. ನನಗೆ ಕೇಳೋ ಹಾಗೆ ಅತ್ತೆಗೆ ಹೇಳಿದ್ರು. ಬರೋ ಮಳೆಗಾಲದ ತನಕ ನೋಡ್ತೀನಿ, ಆಮೇಲೆ ಬಹೂ ಮನೇಲಿ ಕೂತರೆ ಸಾಕು ಅಂತ."

ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು, ಅದು ನನಗೆ ಇಷ್ಟವಾಯಿತು. ಈ ಕೆಲಸ ಬಿಟ್ಟರೆ ತನಗೆ ಮನೆಯ ಹೊಸಿಲಾಚೆ ಇನ್ನೊಂದು ಕೆಲಸವಿಲ್ಲ ಎಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಪ್ರಮಾಣಪತ್ರವನ್ನು ಅವಳ ಚೀಲಕ್ಕೇ ತುರುಕಿದೆ.

"ಇದನ್ನ ಇಟ್ಕೋ. ಬರೋ ಮಳೆಗಾಲದಲ್ಲಿ ನಾವೇ ನಿಮ್ಮೂರಿಗೆ ಬರ್ತೀವಿ," ಎಂದೆ. ಯಾರ ಅನುಮತಿ ಪಡೆದು ಹೇಳಿದಿರಿ ಎಂಬಂತೆ ಇಮ್ತಿಯಾಜ್ ನನ್ನನ್ನು ನೋಡಿದ. "ಮೇಡಂ, ಸಾಹೇಬ್ರು ಒಪ್ಪಲಿಲ್ಲ ಅಂದ್ರೆ?" ಎಂದು ಆಮೇಲೆ ಕೇಳಿದ. ಒಪ್ಪದೆ ಎಲ್ಲಿ ಹೋಗುತ್ತಾರೆ ಎಂದೆ.

ಸಾಹೇಬರು ಕೆಲವು ದಿನ ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುವುದು ಹೆಂಗಸರಿಗಷ್ಟೇ ಅಲ್ಲ, ನಿರ್ದೇಶಕರಿಗೂ ಅನ್ವಯಿಸುತ್ತದೆ. ಒಂದು ದಿನ ಕ್ಯಾಂಟೀನಿನಲ್ಲಿ ಸಿಕ್ಕಿದರು. ಪಕ್ಕದಲ್ಲಿ ಕೂತು ಪೂನಂಳ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ರಾಜ್ಮಾ ತಿನ್ನುತ್ತಿದ್ದವರು ಚಮಚ ಕೆಳಗಿಟ್ಟರು.

"ನಮ್ಮ ಪಠ್ಯದ ಪ್ರಕಾರವೇ ಮಾಡಿದಳಾ?" ಎಂದು ಕೇಳಿದರು.

"ಒಂದು ಜಲ್ಲಿಕಲ್ಲೂ ಆಚೀಚೆ ಇಲ್ಲ. ನಮ್ಮ ಪಠ್ಯ ಗುಂಡಿ ಎಲ್ಲಿ ತೋಡಬೇಕು ಅಂತ ಹೇಳುತ್ತೆ, ನೀರು ಎಲ್ಲಿಂದ ಬರುತ್ತೆ ಅಂತ ನೋಡೋಕೆ ಹೇಳಲ್ಲ. ಬೇಸಿಗೆಯಲ್ಲಿ ನೋಡಿದರೆ ಆ ನೆಲ ಅಂಗೈ ಹಾಗೆ ಸಪಾಟು."

ಅವರು ತಟ್ಟೆ ಪಕ್ಕಕ್ಕೆ ಸರಿಸಿ ಒಂದು ಷರತ್ತು ಹಾಕಿದರು. ಒಂದು ತಂಡ, ಒಂದು ವಾರ, ಜುಲೈಯಲ್ಲಿ, ಆ ಊರಿನಲ್ಲಿ. ಏನಾದರೂ ಉಪಯೋಗ ಕಂಡರೆ ಮುಂದುವರಿಸೋಣ. ಇಲ್ಲವಾದರೆ ನಾನು ಈ ಮಾತನ್ನು ಮತ್ತೆ ಎತ್ತಬಾರದು. ಚಲೋ, ಒಪ್ಪಿದೆ ಎಂದೆ. ಸಾಹೇಬರ ಒಂದು ಗುಣ ಹೇಳಲೇಬೇಕು, ಕೊಟ್ಟ ಮಾತನ್ನು ಅವರು ಆಮೇಲೆ ಮರೆತಂತೆ ನಟಿಸುತ್ತಿರಲಿಲ್ಲ.

ಧರಂಪಾಲನನ್ನು ಒಪ್ಪಿಸಲು ನಾನೂ ಇಮ್ತಿಯಾಜನೂ ಹೋದೆವು. "ಇನ್ನೊಂದು ಗುಂಡಿನಾ?" ಎಂದ.

"ಏನೂ ತೋಡಲ್ಲ. ಮಳೆ ಬಂದಾಗ ನಿಮ್ಮ ಹೊಲದಲ್ಲಿ ನಿಂತು ನೋಡ್ತೀವಿ ಅಷ್ಟೇ."

"ನಿಂತು ನೋಡೋಕೆ ದೆಹಲಿಯಿಂದ ಬರ್ತೀರಾ?" ಅವನು ನಕ್ಕ. "ನಿಲ್ಲಿ, ನಿಲ್ಲೋದಕ್ಕೆ ಬೇಡ ಅನ್ನೋಕಾಗುತ್ತಾ?"

ಜುಲೈಯಲ್ಲಿ ತಂಡ ಕಟ್ಟಿಕೊಂಡು ಹೋದೆವು. ಊರ ಚಾವಡಿಯಲ್ಲಿ ವಾಸ. ಪೂನಂ ಊರಿನ ಶಿಕ್ಷಕಿಯಾಗಿ ನಮ್ಮ ಜೊತೆಗಿದ್ದಳು. ಹಿರಿಯ ಗಂಡಸರು ಎದುರಾದಾಗಲೆಲ್ಲ ಅವಳ ಸೆರಗು ಹಣೆಯಿಂದ ಗಲ್ಲದವರೆಗೆ ಇಳಿಯುತ್ತಿತ್ತು, ಅವರು ದಾಟಿದ ಮೇಲೆ ಏರುತ್ತಿತ್ತು. ಅವಳ ಮಾವ ಸೈಕಲ್ಲಿನ ಮೇಲೆ ಚಾವಡಿಯ ಮುಂದೆಯೇ ಹೋಗುತ್ತಿದ್ದರು. ಎತ್ತರದ ಆಳು, ಬಿಳಿ ಪಗಡಿ. ಚಾವಡಿಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಳೆಯೂ ನೋಡಲಿಲ್ಲ. ಮೊದಲ ದಿನ ಬಿಸಿಲು. ಮರುದಿನವೂ ಬಿಸಿಲು. ಮೋಡ ಕಟ್ಟುತ್ತಿತ್ತು, ಸಂಜೆಯ ಹೊತ್ತಿಗೆ ಚದುರುತ್ತಿತ್ತು. ನಾವು ನೆಲದ ಮಟ್ಟ ಅಳೆಯುವುದನ್ನು ಕಲಿಸಿದೆವು, ಮಣ್ಣು ಮುಟ್ಟಿ ಗುರುತಿಸುವುದನ್ನು ಕಲಿಸಿದೆವು, ಅಲ್ಲಿಗೆ ನಮ್ಮ ಬತ್ತಳಿಕೆ ಬರಿದಾಯಿತು. ಹುಕ್ಕಾ ಸೇದುತ್ತ ಕೂತಿದ್ದ ಮುದುಕರಿಗೆ ಒಳ್ಳೆಯ ಕಾಲಕ್ಷೇಪ.

"ಮೇಡಂ ಜಿ, ಮಳೆಗೆ ಸರ್ಕಾರಿ ನೋಟಿಸ್ ಕಳಿಸಿಲ್ಲವಾ?" ಎಂದು ಒಬ್ಬ.

"ಕಳಿಸಿದ್ದಾರೆ. ದೆಹಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ," ಎಂದು ಇನ್ನೊಬ್ಬ.

ನಗುವುದು ನನಗೆ ಅಡ್ಡಿಯಿಲ್ಲ. ಆದರೆ ಆ ನಗು ನಮ್ಮನ್ನು ದಾಟಿ ಹಿಂದೆ ರೊಟ್ಟಿ ಬಡಿಸುತ್ತಿದ್ದ ಪೂನಂಳ ಮೇಲೆ ಹೋಗಿ ಬೀಳುತ್ತಿತ್ತು. ವಾರ ಕಳೆದರೆ ನಾವು ದೆಹಲಿಗೆ ಹೋಗಿಬಿಡುತ್ತೇವೆ, ಅವಳು ಎಲ್ಲಿಗೆ ಹೋಗಬೇಕು? ಇಮ್ತಿಯಾಜ್ ಮೆಲ್ಲಗೆ, "ಮೇಡಂ, ಟ್ಯಾಂಕರ್ ತರಿಸಿ ನೀರು ಬಿಟ್ಟು ತೋರಿಸೋಣ್ವಾ?" ಎಂದ. ಹಾಗೆ ಮಾಡಿದರೆ ಅದು ಇನ್ನೊಂದು ಗೊಂಬೆಮನೆ, ಸುಮ್ಮನಿರು ಎಂದು ಗದರಿದೆ. ಮಳೆ ಬರುತ್ತದೆ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ನಾವಿರುವಾಗ ಬರುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಕೊನೆಯ ದಿನ ಬೆಳಿಗ್ಗೆ ಸಾಹೇಬರು ಫೋನ್ ಮಾಡಿ, ಸಮಾರೋಪಕ್ಕೆ ತಾವೇ ಬರುವುದಾಗಿ ಹೇಳಿದರು. ಮಾತು ಮೃದುವಾಗಿತ್ತು. ಅಂತ್ಯಕ್ರಿಯೆಗೆ ಬರುವವರು ಹಾಗೆಯೇ ಮಾತಾಡುತ್ತಾರೆ.

ಮಧ್ಯಾಹ್ನ ಚಾವಡಿಯ ಮುಂದಿನ ಬೇವಿನ ಮರದ ಕೆಳಗೆ ಮಜ್ಜಿಗೆಹುಳಿಯಂಥ ಕಢಿ, ಅನ್ನ ಉಣ್ಣುತ್ತಿದ್ದೆವು. ಗುಡ್ಡದ ಕಡೆಯಿಂದ ಗಾಳಿ ಎದ್ದಿತು, ದೂಳು ಕಣ್ಣಿಗೆ ಬಿತ್ತು, ಆಮೇಲೆ ಒಂದೇ ಸಮನೆ ದಪ್ಪ ಹನಿ. ಆಗ ನಮ್ಮ ತಂಡ ಏನು ಮಾಡಿತು ಗೊತ್ತೇ? ವಾರವಿಡೀ ಮಳೆಗೆ ಕಾದವರು, ಮಳೆಯ ಪಾಠಕ್ಕೆಂದೇ ಬಂದವರು, ಅಷ್ಟೂ ಜನ ತಟ್ಟೆ ಎತ್ತಿಕೊಂಡು ಚಾವಡಿಯೊಳಗೆ ಓಡಿದರು. ಬೂಟು ಹಾಕಿದ್ದ ಇಮ್ತಿಯಾಜ್ ಎಲ್ಲರಿಗಿಂತ ಮುಂದೆ. ಒಳಗೆ ನಿಂತು ಒಬ್ಬರಿಗೊಬ್ಬರು, "ಬಂತು ನೋಡಿ, ಬಂತು," ಎಂದು ಸಂತೋಷಪಡುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವುದನ್ನು ಅಂದು ಕಣ್ಣಾರೆ ಕಂಡೆ. ಮುದುಕರು ಹುಕ್ಕಾ ಮರೆತು ನಕ್ಕರು, ಅಂದಿನ ನಗುವಿನಲ್ಲಿ ನ್ಯಾಯವಿತ್ತು.

ಓಡದೆ ಉಳಿದವಳು ಪೂನಂ ಒಬ್ಬಳೇ. ಕೈಯಲ್ಲಿದ್ದ ಸೌಟನ್ನು ಪಾತ್ರೆಯ ಮೇಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಧರಂಪಾಲನ ಹೊಲದ ಕಡೆ ನಡೆದಳು. ನಾನು ಬೂಟು ಏರಿಸಿ ಹಿಂದೆ ಹೊರಟೆ. ಹೋಗುವ ಮೊದಲು ಒಳಗಿದ್ದವರಿಗೆ ಕನ್ನಡದಲ್ಲೇ ನಾಲ್ಕು ಮಾತು ಹೇಳಿದೆ. ಇಮ್ತಿಯಾಜ್ ಒಬ್ಬನಿಗೇ ಅರ್ಥವಾಗಿದ್ದರೂ ಎಲ್ಲರೂ ಹೊರಗೆ ಬಂದರು.

ಹೊಲಕ್ಕೆ ಹೋದಾಗ ಧರಂಪಾಲ್ ಗೊಬ್ಬರದ ಚೀಲವನ್ನು ಗೊಪ್ಪೆ ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದ. ನೀರು ಆಗಲೇ ಹರಿಯತೊಡಗಿತ್ತು. ನಾನು ಶಿಕ್ಷಕರ ಕೈಗೆ ಗೋಧಿ ಹೊಟ್ಟು ಕೊಟ್ಟು ಅಲ್ಲಲ್ಲಿ ಚೆಲ್ಲಿಸಿದೆ. ಹೊಟ್ಟು ತೇಲುತ್ತ ಹೋದ ದಾರಿಯೇ ನೀರಿನ ದಾರಿ, ಕಣ್ಣಿಗೆ ಕಾಣುವ ಪಾಠ ಅದು. ಎಲ್ಲರೂ ಹೊಟ್ಟಿನ ಹಿಂದೆ ಗುಂಡಿಯ ಕಡೆ ಇಳಿದರು. ಪೂನಂ ಮಾತ್ರ ತಿರುಗಿ ಮೇಲಕ್ಕೆ ನಡೆದಳು.

"ಮೇಡಂ ಜಿ, ಇಲ್ಲಿ ಬನ್ನಿ," ಎಂದು ಕೂಗಿದಳು.

ಹೊಲದ ಮೇಲಿನ ಅಂಚಿನಲ್ಲಿ ಒಂದು ಗಾಡಿದಾರಿ ಇತ್ತು. ಅದರಾಚೆ ಇನ್ನೊಬ್ಬರ ಉದ್ದನೆಯ ಹೊಲ, ಗುಡ್ಡದ ಬುಡದವರೆಗೆ. ಧರಂಪಾಲನ ಹೊಲದ ಮಣ್ಣು ಬೂದು ಮರಳು. ಗಾಡಿದಾರಿಯನ್ನು ದಾಟಿ ಒಳಗೆ ನುಗ್ಗುತ್ತಿದ್ದ ನೀರು ಮಾತ್ರ ಕೆಂಪಗಿತ್ತು, ದಪ್ಪಗಿತ್ತು. ಮೇಲಿನ ಹೊಲದಲ್ಲಿ ಸಜ್ಜೆಯ ಸಾಲುಗಳು ಇಳಿಜಾರಿನ ಉದ್ದಕ್ಕೂ ನೇರವಾಗಿ ಕೆಳಗೆ ಬಂದಿದ್ದವು. ಒಂದೊಂದು ಸಾಲೂ ಒಂದೊಂದು ಕಾಲುವೆ. ನಡುವೆ ಎಲ್ಲಿಯೂ ಒಂದು ಬದು ಇರಲಿಲ್ಲ. ಅಷ್ಟು ಹೊಲದ ನೀರೂ ಮಣ್ಣೂ ಸೇರಿ ಧರಂಪಾಲನ ಮೂಲೆಗೆ ಬರುತ್ತಿದ್ದರೆ ಯಾವ ಗುಂಡಿ ತಡೆದೀತು? ಬೇಸಿಗೆಯಲ್ಲಿ ಸಪಾಟಾಗಿ ಕಂಡ ನೆಲ ಮಳೆಯಲ್ಲಿ ತನ್ನ ಓರೆ ತೋರಿಸಿತ್ತು.

"ಇದು ಯಾರ ಹೊಲ?" ಎಂದೆ.

ಪೂನಂ ಸಾಲುಗಳ ಕಡೆ ಮುಖ ತಿರುಗಿಸಿದಳು. ಧರಂಪಾಲ್ ಹಿಂದೆ ಬಂದು ನಿಂತಿದ್ದ. "ಇವಳ ಮಾವನದು," ಎಂದ.

ಅಷ್ಟರಲ್ಲಿ ಚಾವಡಿಯ ಮುದುಕರೂ ಕೊಡೆ, ಚೀಲ ಹೊದ್ದು ಬಂದಿದ್ದರು. ಅವರ ಹಿಂದೆ ಬಿಳಿ ಪಗಡಿ. ಸೊಸೆ ಮಳೆಯಲ್ಲಿ ಗಂಡಸರ ಗುಂಪಿನೊಂದಿಗೆ ಹೊಲ ಸುತ್ತುತ್ತಿದ್ದಾಳೆ ಎಂದು ಯಾರೋ ಹೋಗಿ ಹೇಳಿರಬೇಕು. ಪೂನಂ ಕೂಡಲೇ ಸೆರಗು ಎಳೆದುಕೊಂಡಳು. ಒದ್ದೆ ಸೆರಗು ಮುಖಕ್ಕೆ ಅಂಟಿತು. ಅವಳು ಅಲ್ಲಿಗೇ ಸುಮ್ಮನಾಗಬಹುದಿತ್ತು. ನಾನೇ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಅವಳು ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. 

"ಮೇಡಂ ಜಿ," ಎಂದು ನನ್ನನ್ನೇ ನೋಡುತ್ತ, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು, "ಧರಂಪಾಲ್ ಚಾಚಾರ ಗುಂಡಿ ತುಂಬಿದ್ದು ಅವರ ಹೊಲದ ಮಣ್ಣಿನಿಂದ ಅಲ್ಲ. ಮೇಲಿನ ಹೊಲದ ಬದುಗಳನ್ನ ಕಿತ್ತು, ಇಳಿಜಾರಿನ ಉದ್ದಕ್ಕೆ ಉತ್ತಿದ್ದಾರೆ. ಗುಂಡಿ ತೋಡೋ ಮೊದಲು ಆ ಬದು ಹಾಕಿಸಬೇಕಿತ್ತು."

 ಮಾವ ನನ್ನ ಕಡೆ ತಿರುಗಿದರು. ಸೊಸೆ ಕೈಗೆಟಕುವಷ್ಟು ಹತ್ತಿರ ನಿಂತಿದ್ದಳು.

"ಮೇಡಂ ಜಿ, ಅವಳಿಗೆ ಹೇಳಿ," ಎಂದರು. "ಹೊಲ ಉದ್ದಕ್ಕಿದೆ. ಉದ್ದಕ್ಕೆ ಉತ್ತರೆ ಟ್ರ್ಯಾಕ್ಟರ್ ಸಲೀಸಾಗಿ ಹೋಗುತ್ತೆ. ಅಡ್ಡಕ್ಕೆ ಉತ್ತರೆ ಹೆಜ್ಜೆಗೊಮ್ಮೆ ತಿರುಗಿಸಬೇಕು. ಬದು ಇದ್ದರೆ ತಿರುಗೋದು ಹೇಗೆ?"

ನಾನು ಬಾಯಿ ತೆರೆಯುವ ಮೊದಲೇ ಪೂನಂ, "ಮೇಡಂ ಜಿ, ಅವರಿಗೆ ಹೇಳಿ, ಈ ಕೆಂಪು ನೀರು ಅವರದೇ ಮೇಲ್ಮಣ್ಣು. ಟ್ರ್ಯಾಕ್ಟರ್ ಉಳಿಸಿದ್ದನ್ನ ಮಳೆ ಹೊತ್ಕೊಂಡು ಹೋಗ್ತಿದೆ," ಎಂದಳು.

"ಮೇಡಂ ಜಿ, ಕೇಳಿ ಅವಳನ್ನ, ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಮೇಡಂ ಜಿ, ಇವತ್ತೇ ಕಂಡಿದ್ದು ಅಂತ ಹೇಳಿ. ಮಳೆ ಬಂದಾಗ ನಾವೆಲ್ಲ ಮನೆಯೊಳಗಿರ್ತೀವಿ. ಅವರೂ ಒಳಗಿರ್ತಾರೆ."

ಹೀಗೆ ನಡೆಯಿತು. ನಾನು ಇಬ್ಬರ ನಡುವೆ ಟೆಲಿಫೋನ್ ಕಂಬದಂತೆ ನಿಂತು ನೆನೆದೆ. ಒಂದು ಮಾತನ್ನೂ ನಾನು ದಾಟಿಸಬೇಕಾಗಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಏನೂ ಹೇಳದೆ ನಡೆದ ಅತ್ಯುತ್ತಮ ತರಗತಿ ಅದು. ಮಾವ ಕೊನೆಗೆ ಗಾಡಿದಾರಿಯ ಅಂಚಿಗೆ ಹೋಗಿ, ಬಗ್ಗಿ, ಹರಿಯುವ ನೀರಿಗೆ ಕೈಯಿಟ್ಟರು. ಬೊಗಸೆಯಲ್ಲಿ ಉಳಿದ ಕೆಂಪು ಮಣ್ಣನ್ನು ನೋಡಿದರು. ಧೋತಿಗೆ ಕೈ ಒರೆಸಿಕೊಂಡು ಮನೆಯ ಕಡೆ ಹೋದರು.

ಸಮಾರೋಪಕ್ಕೆ ಹೊರಟಿದ್ದ ಸಾಹೇಬರು ಬರಲೇ ಇಲ್ಲ. ಗುರುಗ್ರಾಮದ ಅಂಡರ್‌ಪಾಸಿನಲ್ಲಿ ಸೊಂಟದೆತ್ತರ ನೀರು ನಿಂತು ಅವರ ಕಾರು ದೆಹಲಿ ಕಡೆಯ ದಡದಲ್ಲಿ ಸಿಕ್ಕಿಕೊಂಡಿತ್ತು. ಫೋನಿನಲ್ಲಿ, "ವಸುಧಾ ಜಿ, ಇಲ್ಲಿ ಮಳೆನೀರು ಹೋಗೋಕೆ ದಾರಿನೇ ಇಲ್ಲ," ಎಂದು ದೂರಿದರು. ಕೆಳಗಿಳಿದು ನೀರು ಎಲ್ಲಿಂದ ಬರುತ್ತಿದೆ ನೋಡಿ ಸರ್ ಎಂದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಸಾಹೇಬರು, "ಮುಂದಿನ ವರ್ಷ ಎರಡು ತಂಡ ಮಾಡಿ," ಎಂದರು.

ಆ ರಾತ್ರಿ ಪೂನಂಳ ಮನೆಯಲ್ಲಿ ಏನು ಮಾತಾಯಿತು ಎಂದು ನನಗೆ ಗೊತ್ತಿಲ್ಲ. ನನಗೆ ನಿಜವಾಗಿ ಭಯವಾದದ್ದು ಆ ದಿನ ಒಂದೇ. ಊರೆದುರು ಮಾವನ ತಪ್ಪು ಎತ್ತಿ ತೋರಿಸಿದ ಸೊಸೆಯನ್ನು ಬಿಟ್ಟು ನಾವು ಬಸ್ಸು ಹತ್ತಿದ್ದೆವು. ಕೆಲವು ವಾರ ಅವಳಿಂದ ಸುದ್ದಿಯಿಲ್ಲ. ನಾನು ಮಾಡಿದ ಫೋನನ್ನೂ ಎತ್ತಲಿಲ್ಲ. ಕೊನೆಗೆ ಸಜ್ಜೆ ಕೊಯ್ಲಾದ ಮೇಲೆ ಅವಳೇ ಮಾಡಿದಳು. ಮಾವ ಅತ್ತೆಗೆ, ಅವಳಿಗೆ ಕೇಳುವ ಹಾಗೆ, ಒಂದು ಮಾತು ಹೇಳಿದ್ದರಂತೆ. ಬದು ಎಲ್ಲಿ ಹಾಕಬೇಕು ಅಂತ ಬಹೂ ಗುರುತು ಹಾಕಿ ಹೋಗಲಿ, ನಾನು ಆ ಹೊತ್ತಿಗೆ ಹೊಲದಲ್ಲಿ ಇರೋದಿಲ್ಲ ಎಂದು. ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ.

ಒಂದೇ ವರ್ಷಕ್ಕೆ ಎಲ್ಲವೂ ಸರಿಹೋಯಿತು ಎಂದು ಬರೆದರೆ ನಂಬಬೇಡಿ. ಮೊದಲ ಬದು ಒಂದು ಕಡೆ ಕುಸಿಯಿತು, ಮತ್ತೆ ಹಾಕಿದರು. ಸಾಸಿವೆಯನ್ನು ಅಡ್ಡಸಾಲಿಗೆ ಬಿತ್ತುವಾಗ ಟ್ರ್ಯಾಕ್ಟರಿನವನು ಗೊಣಗಿದ. ಧರಂಪಾಲನ ಗುಂಡಿಯ ಮುಂದೆ ಹೂಳು ನಿಲ್ಲಲು ಒಂದು ಸಣ್ಣ ತೊಟ್ಟಿ ಮಾಡಿಸಿದೆವು. ಮುಂದಿನ ಮಳೆಗಾಲದಲ್ಲಿ ಆ ಗುಂಡಿ ಪೂರ್ತಿ ಅಲ್ಲದಿದ್ದರೂ ಬಹಳ ಮಟ್ಟಿಗೆ ನೀರು ಕುಡಿಯಿತು, ಮೂಲೆ ಒಡೆಯಲಿಲ್ಲ. ಪೂನಂಳ ಕೆರೆ ಎಂಬ ಹೆಸರು ಹಾಗೆಯೇ ಉಳಿಯಿತು, ಆದರೆ ಅದನ್ನು ಹೇಳುವಾಗ ಯಾರೂ ನಗುತ್ತಿರಲಿಲ್ಲ. ಗೊಂಬೆಮನೆಯನ್ನು ಇಮ್ತಿಯಾಜ್ ಉಗ್ರಾಣಕ್ಕೆ ಸೇರಿಸಿದ.

ನಾನು ನಿವೃತ್ತಳಾಗುವ ಮೊದಲಿನ ಮಳೆಗಾಲದ ತಂಡವನ್ನೂ ಆ ಊರಿಗೇ ಕರೆದುಕೊಂಡು ಹೋದೆ. ಪಾಠ ಹೇಳುವವಳು ಪೂನಂ, ನಾನು ಹಿಂದಿನ ಸಾಲಿನಲ್ಲಿ. ಅವಳ ಮಾವನ ಹೊಲದ ಅಂಚಿನಲ್ಲಿ, ಹೊಸ ಬದುವಿನ ಪಕ್ಕದಲ್ಲಿ ತರಗತಿ. ಬೇರೆ ಬೇರೆ ಜಿಲ್ಲೆಯ ಶಿಕ್ಷಕರು ಸುತ್ತ ನಿಂತಿದ್ದರು. ಮಳೆ ಜಿನುಗುತ್ತಿತ್ತು, ಯಾರೂ ಕದಲುತ್ತಿರಲಿಲ್ಲ. ಪೂನಂ ಮಾತು ಶುರುಮಾಡುವಷ್ಟರಲ್ಲಿ ಮಾವ ಹೊಲಕ್ಕೆ ಬಂದರು. ಅವಳ ಕೈ ಸೆರಗಿಗೆ ಹೋಯಿತು. ಮುಖ ಮುಚ್ಚಿಕೊಂಡು ಇಷ್ಟು ಜನಕ್ಕೆ ಪಾಠ ಹೇಳುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದೆ. ಮಾವ ದೂರದಿಂದಲೇ ಒಮ್ಮೆ ಕೆಮ್ಮಿ, ಹೊಲದಂಚಿನ ಬೇವಿನ ಮರದ ಕೆಳಗಿದ್ದ ಹಗ್ಗದ ಮಂಚವನ್ನು ಎತ್ತಿದರು. ನಮಗೆ ಮಾತು ಕೇಳುವಷ್ಟು ಹತ್ತಿರ ತಂದಿಟ್ಟು, ನಮ್ಮ ಕಡೆ ಬೆನ್ನು ಮಾಡಿ, ಹೊಲದ ಕಡೆ ಮುಖ ಮಾಡಿ ಕೂತರು.

ಪೂನಂ ಒಂದು ಕ್ಷಣ ಆ ಬೆನ್ನನ್ನು ನೋಡಿದಳು. ಸೆರಗಿನ ಮೇಲಿದ್ದ ಕೈ ಕೆಳಗಿಳಿಯಿತು. ಪಾಠ ಹೇಳಿದಳು, ಚೆನ್ನಾಗಿ ಹೇಳಿದಳು. ಕೊನೆಯಲ್ಲಿ ಏನಾದರೂ ಕೇಳುವುದಿದೆಯೇ ಎಂದಾಗ ಶಿಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಶ್ನೆ ಬಂದದ್ದು ಮಂಚದಿಂದ, ಎದುರಿನ ಸಜ್ಜೆಯ ಸಾಲುಗಳಿಗೆ ಕೇಳಿದ ಹಾಗೆ.

"ಬದುವಿನ ಮೇಲೆ ಯಾವ ಹುಲ್ಲು ಹಾಕಿದರೆ ಮಣ್ಣು ಗಟ್ಟಿಯಾಗಿ ನಿಲ್ಲುತ್ತೆ?"

ನಡುವೆ ಮೇಡಂ ಜಿ ಇರಲಿಲ್ಲ, ಅತ್ತೆಯೂ ಇರಲಿಲ್ಲ. ನನ್ನ ಕಣ್ಣು ತುಂಬಿತು, ಮಳೆಯಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಪೂನಂ ತಂಡದ ಕಡೆ ತಿರುಗಿದಳು.

"ಒಳ್ಳೇ ಪ್ರಶ್ನೆ," ಎಂದಳು. "ಎಲ್ಲರೂ ಬರ್ಕೊಳ್ಳಿ."